ಹಲಗೆಗೂ ಒಂದಿಷ್ಟು ಜಾಗ ಬಿಡಿ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಮೇಲೆ ಬೆಂಗಳೂರಿನ ಪೀಠೋಪಕರಣದ ಅಂಗಡಿಗಳಿಗೆ ಒಂದು ಬಗೆಯ ದೂರು ತಪ್ಪದೆ ಬರುತ್ತದೆ. ಲಕ್ಷದ ಹತ್ತಿರ ಕೊಟ್ಟು ತಂದ ಊಟದ ಮೇಜು ಒಂದು ತುದಿಯಿಂದ ಬಿರುಕು ಬಿಟ್ಟಿದೆ, ಕೈಯಾಡಿಸಿದರೆ ಉಗುರು ಸಿಕ್ಕುತ್ತದೆ. ಅಂಗಡಿಯವರ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘ಸಾಲಿಡ್ ವುಡ್ ಅಲ್ವಾ ಸರ್, ಮರದ ಸ್ವಭಾವವೇ ಹಾಗೆ.’

ಇದರಲ್ಲಿ ಅರ್ಧ ಮಾತ್ರ ನಿಜ. ಹಿಗ್ಗುವುದು, ಕುಗ್ಗುವುದು ಮರದ ಸ್ವಭಾವ. ಹಾಗೆ ಹಿಗ್ಗಿ ಕುಗ್ಗಲು ಎಡೆಕೊಡದೆ ನಾಲ್ಕೂ ಕಡೆ ಅಂಟು, ಮೊಳೆ, ಸ್ಕ್ರೂ ಜಡಿದು ಕೂರಿಸಿದಾಗ ಹಲಗೆ ಸೀಳುತ್ತದೆ. ಜಡಿದದ್ದು ಮಾಡಿದವರ ಕೆಲಸ. ಅದರ ನಷ್ಟವನ್ನು ‘ಸ್ವಭಾವ’ದ ಲೆಕ್ಕಕ್ಕೆ ಬರೆದು ಕೊಂಡವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಈ ಮಾತು ಈಗ ಏಳುವುದಕ್ಕೆ ಕಾರಣವಿದೆ. ತೇಗ, ಬೀಟೆ, ಹೊನ್ನೆಗಳ ಜಾಗಕ್ಕೆ ನಗರದ ಮನೆಗಳಲ್ಲಿ ಓಕ್ ಬಂದು ಕುಳಿತಿದೆ. ತಿಳಿ ಕಂದು ಬಣ್ಣ, ಎದ್ದು ಕಾಣುವ ನಾರು, ವಿದೇಶಿ ಕ್ಯಾಟಲಾಗಿನ ನೋಟ. ದಕ್ಷಿಣದ ಕಾಡುಗಳ ಮರ ಇದಲ್ಲ. ಹಿಮಾಲಯದ ತಪ್ಪಲಿನಲ್ಲಿ ಬಾಂಜ್ ಎಂಬ ಓಕ್ ಬೆಳೆಯುತ್ತದಾದರೂ ಅದು ಹೆಚ್ಚಾಗಿ ಸೌದೆಗೆ, ದನದ ಮೇವಿಗೆ, ನೇಗಿಲಿಗೆ ಸಲ್ಲುವ ಮರ. ಮೇಜಾಗಿ ನಮ್ಮ ಮನೆಗೆ ಬರುವುದು ಅಮೆರಿಕ ಅಥವಾ ಯುರೋಪಿನ ಓಕ್. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನಿಂತಿರುವ ಸಿಲ್ವರ್ ಓಕ್‌ಗೂ ಇದಕ್ಕೂ ನಂಟಿಲ್ಲ. ಅದು ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಕುಲದ ಗಿಡ. ಕೊಯ್ದಾಗ ಹಲಗೆಯ ಮೇಲೆ ಓಕ್‌ನಂಥದೇ ಹೊಳೆಯುವ ಮಚ್ಚೆಗಳು ಕಾಣುವುದರಿಂದ ಆ ಹೆಸರು ಅಂಟಿಕೊಂಡಿದೆ, ಅಷ್ಟೆ. ‘ನಮ್ಮ ತೋಟದಲ್ಲೇ ಓಕ್ ಇದೆ’ ಎಂದು ಬೀಗುವವರಿಗೆ ಇದನ್ನು ಮೆಲ್ಲಗೆ ಹೇಳಬೇಕಾಗುತ್ತದೆ.

ತೇಗಕ್ಕೆ ಒಗ್ಗಿದ ಕೈಗಳಿಗೆ ಓಕ್ ಸುಲಭದ ಮರವಲ್ಲ. ಕಾರಣ ಅಂಕಿಗಳಲ್ಲೇ ಇದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ 1910ರಲ್ಲಿ ಶುರುವಾದ ಅರಣ್ಯ ಉತ್ಪನ್ನಗಳ ಪ್ರಯೋಗಾಲಯ ನೂರಾರು ಜಾತಿಯ ಮರಗಳು ಎಷ್ಟು ಕುಗ್ಗುತ್ತವೆಂದು ಅಳೆದು ಪಟ್ಟಿ ಮಾಡಿದೆ. ಹಸಿ ಮರ ಪೂರ್ತಿ ಒಣಗುವ ಹೊತ್ತಿಗೆ ಬಿಳಿ ಓಕ್ ವಾರ್ಷಿಕ ಉಂಗುರಗಳ ಉದ್ದಕ್ಕೆ ಶೇ 10.5ರಷ್ಟು ಕುಗ್ಗುತ್ತದೆ, ಚೇಗಿನ ನಡುವಿನಿಂದ ತೊಗಟೆಯ ಕಡೆಗೆ ಶೇ 5.6ರಷ್ಟು. ತೇಗಕ್ಕೆ ಇದೇ ಅಂಕಿಗಳು 5.8 ಮತ್ತು 2.5. ಹೆಚ್ಚುಕಡಿಮೆ ಅರ್ಧ. ನಾರಿನ ಉದ್ದಕ್ಕೆ ಮಾತ್ರ ಎಲ್ಲ ಮರಗಳೂ ಒಂದೇ: ಶೇ 0.1ರಿಂದ 0.2, ಲೆಕ್ಕಕ್ಕೇ ಇಲ್ಲ.

ಹೀಗೇಕೆ? ಮರವೆಂದರೆ ಹುಲ್ಲಿನ ಕೊಳವೆಗಳನ್ನು ಒತ್ತೊತ್ತಾಗಿ ಕಟ್ಟಿದ ಹೊರೆ ಇದ್ದ ಹಾಗೆ. ಮರ ಕಡಿದಾಗ ಕೊಳವೆಗಳ ಒಳಗೂ ನೀರು, ಗೋಡೆಗಳಲ್ಲೂ ನೀರು. ಒಳಗಿನ ನೀರು ಹೋದರೆ ತೂಕ ಇಳಿಯುತ್ತದೆ, ಅಳತೆ ಬದಲಾಗುವುದಿಲ್ಲ. ತೇವಾಂಶ ಸುಮಾರು ಶೇ 30ಕ್ಕಿಂತ ಕೆಳಗಿಳಿದ ಮೇಲೆ ಗೋಡೆಗಳ ನೀರು ಆರತೊಡಗುತ್ತದೆ. ಗೋಡೆ ತೆಳುವಾಗುತ್ತದೆ, ಹೊರೆಯ ಸುತ್ತಳತೆ ಕಡಿಮೆಯಾಗುತ್ತದೆ, ಉದ್ದ ಇದ್ದಷ್ಟೇ ಇರುತ್ತದೆ. ಇದು ಒಮ್ಮೆ ಒಣಗಿಸಿ ಮುಗಿಸುವ ಕೆಲಸವಲ್ಲ. ಮಳೆಗಾಲದ ಗಾಳಿಯಲ್ಲಿ ಹಲಗೆ ಮತ್ತೆ ತೇವ ಎಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ನಾಲ್ಕು ನೂರು ವರ್ಷದ ಹಳೆಯ ಮರವೂ ಇದರಿಂದ ನಿವೃತ್ತಿ ಪಡೆಯುವುದಿಲ್ಲ. ಪಾಲಿಷ್ ಹೊಡೆದರೆ ಈ ಉಸಿರಾಟ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಈಗ ಒಂದು ಮೇಜಿನ ಲೆಕ್ಕ ಹಾಕೋಣ. ಮೂರಡಿ ಅಗಲ, ಅಂದರೆ ಸುಮಾರು 900 ಮಿಲಿಮೀಟರ್, ಆರಡಿ ಉದ್ದ, ಹಲವು ಓಕ್ ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸಿದ ಮೇಲ್ಮೈ. ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಯಲ್ಲಿ ಅದರ ತೇವಾಂಶ ಶೇ 8ರ ಆಸುಪಾಸಿಗೆ ಇಳಿದು, ಆಗಸ್ಟ್‌ನಲ್ಲಿ 14ಕ್ಕೆ ಏರಿತು ಎಂದುಕೊಳ್ಳಿ. ಮ್ಯಾಡಿಸನ್ ಪ್ರಯೋಗಾಲಯದ ಗುಣಾಂಕ ಹಾಕಿ ಗುಣಿಸಿದರೆ, ದಿಮ್ಮಿಯನ್ನು ನೇರವಾಗಿ ಸಾಲುಸಾಲಾಗಿ ಕೊಯ್ದು ತೆಗೆದ ಹಲಗೆಗಳ ಮೇಜು ಅಗಲದಲ್ಲಿ ಸುಮಾರು 20 ಮಿಲಿಮೀಟರ್ ಹಿಗ್ಗುತ್ತದೆ. ಮುಕ್ಕಾಲು ಇಂಚಿಗಿಂತ ಹೆಚ್ಚು! ಅದೇ ಓಕ್ ದಿಮ್ಮಿಯನ್ನು ಮೊದಲು ನಾಲ್ಕು ಪಾಲು ಮಾಡಿ, ಉಂಗುರಗಳು ಹಲಗೆಯ ಮುಖಕ್ಕೆ ಅಡ್ಡಲಾಗಿ ಬರುವಂತೆ ಕೊಯ್ದರೆ ಹಿಗ್ಗು ಅರ್ಧಕ್ಕಿಳಿದು 10 ಮಿಲಿಮೀಟರ್ ಆಗುತ್ತದೆ. ಸಾದಾ ಕೊಯ್ತದ ತೇಗದ ಹಲಗೆಯೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತದೆ. ತೇಗದ ಮೇಲೆ ನಮ್ಮ ಹಿರಿಯರಿಗಿದ್ದ ವಿಶ್ವಾಸ ಗೆದ್ದಲಿನ ಕಾರಣಕ್ಕಷ್ಟೇ ಇರಲಿಲ್ಲ ಎನ್ನುವುದು ಇಲ್ಲಿ ಗೊತ್ತಾಗುತ್ತದೆ. ಇನ್ನು ಆರಡಿ ಉದ್ದದಲ್ಲಿ ಆಗುವ ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ.

ಸಮಸ್ಯೆಯ ಬೇರು ಇರುವುದು ಅಗಲ ಮತ್ತು ಉದ್ದಗಳ ನಡುವಿನ ಈ ವ್ಯತ್ಯಾಸದಲ್ಲಿ. ಮೇಜಿನ ಹಲಗೆಗಳು ಉದ್ದಕ್ಕೆ ಮಲಗಿರುತ್ತವೆ, ಅವುಗಳ ಕೆಳಗೆ ಕಾಲಿನಿಂದ ಕಾಲಿಗೆ ಅಡ್ಡಪಟ್ಟಿಗಳು ಹಾಯ್ದಿರುತ್ತವೆ. ಹಲಗೆ 20 ಮಿಲಿಮೀಟರ್ ಕುಗ್ಗಬೇಕು ಎನ್ನುತ್ತದೆ, ಅದಕ್ಕೆ ಅಡ್ಡಲಾಗಿರುವ ಪಟ್ಟಿ ಕದಲುವುದಿಲ್ಲ. ಎರಡನ್ನೂ ಅಂಟು ಮೆತ್ತಿ ಸ್ಕ್ರೂ ಬಿಗಿದು ಒಂದು ಮಾಡಿದರೆ ಎಲ್ಲಾದರೂ ಒಂದು ಕಡೆ ಬಿಟ್ಟುಕೊಡಲೇಬೇಕು.

ಓಕ್‌ನ ನಾಡಿನವರು ಇದನ್ನು ಪೆಟ್ಟು ತಿಂದೇ ಕಲಿತವರು. ಮಧ್ಯಯುಗದ ಇಂಗ್ಲೆಂಡಿನ ಪೆಟ್ಟಿಗೆಗಳು ಅಗಲ ಹಲಗೆಗಳನ್ನು ಒಂದಕ್ಕೊಂದು ಅಡ್ಡಲಾಗಿ ಕಬ್ಬಿಣದ ಮೊಳೆಯಿಂದ ಜಡಿದು ಮಾಡಿದವು. ಇಂದಿಗೂ ಉಳಿದಿರುವ ಅಂಥ ಪೆಟ್ಟಿಗೆಗಳ ಮುಂಭಾಗದಲ್ಲಿ ಉದ್ದುದ್ದ ಸೀಳುಗಳನ್ನು ಕಾಣಬಹುದು. ಮೊಳೆಯ ಸುತ್ತ ಕಪ್ಪು ಕಲೆಗಳೂ ಇರುತ್ತವೆ. ಓಕ್‌ನ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಶಾಯಿಯಂತೆ ಕಪ್ಪಾಗುವುದರಿಂದ ಆದದ್ದು. ಹದಿನೈದನೆಯ ಶತಮಾನದ ಹೊತ್ತಿಗೆ ಉತ್ತರ ಯುರೋಪಿನಲ್ಲಿ ಬೇರೆ ದಾರಿ ಬಳಕೆಗೆ ಬಂತು. ಸಣ್ಣ ಅಗಲದ ನಾಲ್ಕು ಪಟ್ಟಿಗಳಿಂದ ಗಟ್ಟಿ ಚೌಕಟ್ಟು ಮಾಡುವುದು, ಒಳ ಅಂಚಿನಲ್ಲಿ ಗ್ರೂವ್ ಹೊಡೆಯುವುದು, ಅದರೊಳಗೆ ತೆಳು ಹಲಗೆಯನ್ನು ಅಂಟಿಲ್ಲದೆ ಸಡಿಲವಾಗಿ ಕೂರಿಸುವುದು. ಚೌಕಟ್ಟಿನ ಪಟ್ಟಿಗಳು ಉದ್ದದಲ್ಲಿ ಬದಲಾಗುವುದಿಲ್ಲ, ಆದ್ದರಿಂದ ಬಾಗಿಲಿನ ಅಳತೆ ನಿಲ್ಲುತ್ತದೆ. ಹಲಗೆ ತನ್ನ ಗ್ರೂವ್‌ನೊಳಗೆ ಇಷ್ಟ ಬಂದಷ್ಟು ಹಿಗ್ಗಬಹುದು. ನಾವು ಪ್ಯಾನೆಲ್ ಬಾಗಿಲು ಎನ್ನುವುದು ಇದನ್ನೇ. ಅದನ್ನು ಅಲಂಕಾರವೆಂದು ತಿಳಿದವರೇ ಹೆಚ್ಚು. ಮೂಲದಲ್ಲಿ ಅದು ತೇವಕ್ಕೆ ಕಂಡುಕೊಂಡ ಉಪಾಯ.

ಈ ಕೌಶಲ ಎಷ್ಟು ಬೇರೆಯದೆನಿಸಿತ್ತೆಂದರೆ ಲಂಡನ್ನಿನಲ್ಲಿ ಹಾಗೆ ಸಂದು ಕೂಡಿಸುವ ಜಾಯ್ನರ್‌ಗಳು 1571ರಲ್ಲಿ ರಾಣಿಯಿಂದ ಪ್ರತ್ಯೇಕ ಸನ್ನದು ಪಡೆದರು. ಮೊಳೆ ಹೊಡೆದು ಕೆಲಸ ಮಾಡುವ ಬಡಗಿಗಳ ಸಂಘಕ್ಕೂ ಇವರಿಗೂ ಯಾವ ಕೆಲಸ ಯಾರದು ಎಂಬ ಜಗಳ ಹತ್ತಿಕೊಂಡು, 1632ರಲ್ಲಿ ನಗರದ ಆಲ್ಡರ್‌ಮನ್‌ಗಳು ಕೂತು ತೀರ್ಪು ಕೊಡಬೇಕಾಯಿತು.

ಅದೇ ಹಾದಿಯಲ್ಲಿ ಮುಂದೆ ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸ್ಟಿಕ್ಲಿ ಸಹೋದರರ ಪೀಠೋಪಕರಣ ಹೆಸರಾಯಿತು. ಅವರ ಮೆಚ್ಚಿನ ಮರ ಬಿಳಿ ಓಕ್, ಅದೂ ನಾಲ್ಕು ಪಾಲು ಮಾಡಿ ಕೊಯ್ದದ್ದು. ಹಾಗೆ ಕೊಯ್ದರೆ ಮರ ಹೆಚ್ಚು ಹಾಳಾಗುತ್ತದೆ, ದುಬಾರಿ. ಆದರೆ ಕದಲುವುದು ಕಡಿಮೆ, ಮುಖದ ಮೇಲೆ ಬೆಳ್ಳಿಯ ಹೊಳಪಿನ ಮಚ್ಚೆಗಳೂ ಸಿಗುತ್ತವೆ. ಮೇಜಿನ ಕಾಲಿನ ನಾಲ್ಕೂ ಮುಖಕ್ಕೆ ಆ ಹೊಳಪು ಬರಬೇಕೆಂದು ಲಿಯೋಪೋಲ್ಡ್ ಸ್ಟಿಕ್ಲಿಯ ಕಾರ್ಖಾನೆ ಹಾಗೆ ಕೊಯ್ದ ನಾಲ್ಕು ತುಂಡುಗಳನ್ನು ಕೂಡಿಸಿ ಒಂದು ಕಾಲು ಮಾಡುತ್ತಿತ್ತು. ಇಂದು ನಮ್ಮಲ್ಲಿ ಮಾರುವ ‘ಓಕ್ ಡೈನಿಂಗ್ ಟೇಬಲ್’ನ ಬಿಲ್ಲಿನಲ್ಲಿ ಹಲಗೆ ಯಾವ ಕೊಯ್ತದ್ದು ಎಂಬುದು ಇರುವುದೇ ಇಲ್ಲ.

ಒಳ್ಳೆಯ ಮೇಜನ್ನು ಪರೀಕ್ಷಿಸಬೇಕಾದರೆ ಬೆನ್ನು ಬಗ್ಗಿಸಿ ಅದರ ಅಡಿ ನೋಡಬೇಕು. ಮೇಲ್ಹಲಗೆಯನ್ನು ಚೌಕಟ್ಟಿಗೆ ಹಿಡಿದಿಟ್ಟಿರುವುದು ಏನು? ಬಲ್ಲವರು ಮಾಡಿದ ಮೇಜಾದರೆ ಅಡ್ಡಪಟ್ಟಿಯ ಒಳಮೈಯಲ್ಲಿ ಒಂದು ಗೀರು ಕಾಣುತ್ತದೆ. ಹೆಬ್ಬೆರಳಿನಷ್ಟು ದಪ್ಪದ ಚಿಕ್ಕ ಮರದ ತುಂಡುಗಳ ತುಟಿ ಆ ಗೀರಿನೊಳಗೆ ಸಿಕ್ಕಿಕೊಂಡಿರುತ್ತದೆ. ಸ್ಕ್ರೂ ಇರುವುದು ತುಂಡಿನಿಂದ ಮೇಲ್ಹಲಗೆಗೆ ಮಾತ್ರ. ಹಲಗೆ ಹಿಗ್ಗಿದರೆ ತುಂಡು ಅದರೊಂದಿಗೆ ಜಾರುತ್ತದೆ, ಚೌಕಟ್ಟು ಇದ್ದಲ್ಲೇ ಇರುತ್ತದೆ. ತುಟಿಗೂ ಗೀರಿನ ಕೊನೆಗೂ ನಡುವೆ ಐದಾರು ಮಿಲಿಮೀಟರ್ ಖಾಲಿ ಜಾಗ ಬಿಟ್ಟಿರುತ್ತಾರೆ, ಬೇಕೆಂದೇ. ಕೆಲವರು ತುಂಡಿನ ಬದಲು ಇಂಗ್ಲಿಷ್ ಎಂಟರ ಆಕಾರದ ಲೋಹದ ಪಟ್ಟಿ ಹಾಕುತ್ತಾರೆ, ಇನ್ನು ಕೆಲವರು ಸ್ಕ್ರೂವಿನ ತೂತನ್ನು ಉದ್ದಕ್ಕೆ ಸೀಳಿದಂತೆ ಕೊರೆಯುತ್ತಾರೆ. ಯಾವುದಾದರೂ ಸರಿ. ಮೇಲ್ಹಲಗೆಯ ಎರಡು ತುದಿಗೆ ಅಡ್ಡಲಾಗಿ ಪಟ್ಟಿ ಇದ್ದರೆ ಅದನ್ನು ನಡುವಿನಲ್ಲಷ್ಟೇ ಅಂಟಿಸಿ, ಬದಿಗಳ ಗೂಟಗಳಿಗೆ ಉದ್ದನೆಯ ತೂತು ಕೊಟ್ಟಿರಬೇಕು. ಅಂಥ ಪಟ್ಟಿಯ ತುದಿ ಮಳೆಗಾಲದಲ್ಲಿ ಹಲಗೆಗಿಂತ ಒಂದಿಷ್ಟು ಒಳಗೆ, ಬೇಸಿಗೆಯಲ್ಲಿ ಒಂದಿಷ್ಟು ಹೊರಗೆ ಇರುತ್ತದೆ. ವರ್ಷವಿಡೀ ಎರಡೂ ಒಂದೇ ಮಟ್ಟದಲ್ಲಿದ್ದರೆ ಅನುಮಾನಪಡಬೇಕಾದದ್ದು ಆಗಲೇ.

ಬೇಸಿಗೆಯಲ್ಲಿ ಪ್ಯಾನೆಲ್ ಬಾಗಿಲಿನ ಹಲಗೆಯ ಅಂಚಿನಲ್ಲಿ ಪಾಲಿಷ್ ಕಾಣದ ತಿಳಿ ಬಣ್ಣದ ಎಳೆಯೊಂದು ಮೂಡುವುದುಂಟು. ಹಲಗೆ ಕುಗ್ಗಿ, ಗ್ರೂವ್‌ನೊಳಗೆ ಅಡಗಿದ್ದ ಭಾಗ ಹೊರಗೆ ಇಣುಕುವುದು ಅದು. ಕೆಲಸ ಗೊತ್ತಿರುವ ಆಚಾರಿ ಇದನ್ನು ಮೊದಲೇ ಎಣಿಸಿ ಚೌಕಟ್ಟಿಗೆ ಕೂರಿಸುವ ಮುಂಚೆಯೇ ಹಲಗೆಗೆ ಪೂರ್ತಿ ಪಾಲಿಷ್ ಕೊಡುತ್ತಾನೆ. ಅವಸರದವನು ಜೋಡಿಸಿ ಮುಗಿಸಿ ಮೇಲೆ ಬಳಿಯುತ್ತಾನೆ. ಇನ್ನೂ ಅವಸರದವನು ಸಂದಿ ಕಾಣಬಾರದೆಂದು ಸುತ್ತ ಬೀಡಿಂಗ್ ಹೊಡೆದು ಮೊಳೆಯನ್ನು ಹಲಗೆಯೊಳಕ್ಕೇ ಇಳಿಸುತ್ತಾನೆ. ಮುಂದಿನ ಚೈತ್ರಕ್ಕೆ ಹಲಗೆ ನಟ್ಟನಡುವೆ ಎರಡಾಗಿರುತ್ತದೆ.

ಮರವನ್ನು ಬಲವಂತವಾಗಿ ಹಿಡಿದಿಡುವ ಆಸೆ ಬಡಗಿಗಳಿಗಷ್ಟೇ ಅಲ್ಲ, ವಿದ್ವಾಂಸರಿಗೂ ಇತ್ತು. ಯಾನ್ ವಾನ್ ಐಕ್‌ನ 1434ರ ಆರ್ನೊಲ್ಫಿನಿ ದಂಪತಿಗಳ ಚಿತ್ರದಂತೆ ಉತ್ತರ ಯುರೋಪಿನ ಎಷ್ಟೋ ಹಳೆಯ ಚಿತ್ರಗಳನ್ನು ಬರೆದಿರುವುದು ಓಕ್ ಹಲಗೆಯ ಮೇಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಗಿದ ಚಿತ್ರಹಲಗೆಗಳನ್ನು ಸಪಾಟು ಮಾಡಲು ಸಂರಕ್ಷಕರು ಹಲಗೆಯ ಬೆನ್ನನ್ನು ಕೆತ್ತಿ ತೆಳುಮಾಡಿ, ಉದ್ದಕ್ಕೂ ಅಡ್ಡಕ್ಕೂ ಪಟ್ಟಿಗಳ ಜಾಲರಿ ಕೂರಿಸುವ ಪದ್ಧತಿಯನ್ನು ಹೆಚ್ಚಾಗಿ ಅನುಸರಿಸಿದರು. ಉದ್ದದ ಪಟ್ಟಿಗಳನ್ನು ಅಂಟಿಸಿ, ಅಡ್ಡಪಟ್ಟಿಗಳು ಅವುಗಳ ನಡುವೆ ಜಾರಬೇಕೆಂಬುದು ಯೋಜನೆ. ಕೆಲವು ವರ್ಷಗಳಲ್ಲಿ ಅಡ್ಡಪಟ್ಟಿಗಳು ಬಿಗಿದುಕೊಂಡವು, ಜಾರುವುದು ನಿಂತಿತು. ಬಾಗಿದ್ದರೂ ಇಡಿಯಾಗಿದ್ದ ಹಲಗೆಗಳು ಸಪಾಟಾಗಿ ಸೀಳತೊಡಗಿದವು. ಇಂದಿನ ಸಂರಕ್ಷಕರು ಎಷ್ಟೋ ಚಿತ್ರಗಳ ಹಿಂದಿನಿಂದ ಆ ಜಾಲರಿಗಳನ್ನು ಬಿಡಿಸಿ ತೆಗೆಯುವ ಕೆಲಸದಲ್ಲಿದ್ದಾರೆ.

ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ತನ್ನ ಚಿತ್ರಗಳನ್ನು 1941ರಲ್ಲಿ ವೇಲ್ಸ್‌ನ ಮ್ಯಾನಾಡ್ ಎಂಬಲ್ಲಿನ ಕಲ್ಲಿನ ಗಣಿಯೊಳಗೆ ಸಾಗಿಸಿತು. ಬೆಟ್ಟದ ಹೊಟ್ಟೆಯಲ್ಲಿ ಇಟ್ಟಿಗೆಯ ಕೋಣೆ ಕಟ್ಟಿ, ತಾಪವೂ ತೇವವೂ ಏರಿಳಿಯದಂತೆ ನೋಡಿಕೊಂಡರು. ಲಂಡನ್ನಿನಲ್ಲಿ ಬಣ್ಣ ಉಬ್ಬಿ ಏಳುತ್ತಿದ್ದ ಚಿತ್ರಗಳು ಅಲ್ಲಿ ಸುಮ್ಮನಾದವು, ರಿಪೇರಿಯವರಿಗೆ ಹೆಚ್ಚು ಕೆಲಸವೇ ಇಲ್ಲದಾಯಿತು. ಯುದ್ಧ ಮುಗಿದು ವಾಪಸು ಬಂದ ಮೇಲೆ ಹಳೆಯ ಕಾಟ ಮರುಕಳಿಸಿತು. ಗ್ಯಾಲರಿಗಳಿಗೆ ಹವಾನಿಯಂತ್ರಣ ಬೇಕೆಂಬ ವಾದಕ್ಕೆ ಆ ಗಣಿಯ ಅನುಭವವೇ ಬಲ ಕೊಟ್ಟಿತು.

ಮನೆಯನ್ನು ಗಣಿ ಮಾಡಲಾಗದು. ಹಗಲೆಲ್ಲ ಕಿಟಕಿ ತೆರೆದು, ರಾತ್ರಿ ಎಸಿ ಹಾಕಿ ಬದುಕುವ ನಮಗೆ ಉಳಿದಿರುವುದು ಎರಡೇ: ಊರಿನ ಹವೆಗೆ ತಕ್ಕಷ್ಟು ಒಣಗಿದ ಮರ, ಅದಕ್ಕೆ ಜಾಗ ಬಿಟ್ಟ ಕೆಲಸ. ಮೊದಲನೆಯದರ ಬಗ್ಗೆ ನಮ್ಮಲ್ಲಿ ನಿಯಮವೇ ಇದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 287 ದೇಶವನ್ನು ಗಾಳಿಯ ತೇವದ ಪ್ರಕಾರ ನಾಲ್ಕು ವಲಯಗಳಾಗಿ ಹಂಚಿ, ಯಾವ ಕೆಲಸದ ಮರದಲ್ಲಿ ಎಷ್ಟು ತೇವ ಇರಬಹುದೆಂದು ಹೇಳುತ್ತದೆ. ಎರಡಿಂಚಿಗಿಂತ ತೆಳುವಾದ ಬಾಗಿಲು ಕಿಟಕಿಯ ಮರಕ್ಕೆ ಅತಿ ಒಣ ವಲಯದಲ್ಲಿ ಶೇ 8, ಅತಿ ತೇವದ ವಲಯದಲ್ಲಿ ಶೇ 14. ಒಂದೇ ದೇಶ, ಒಂದೇ ಬಾಗಿಲು, ಆದರೂ ಇಷ್ಟು ಅಂತರ. ಹಾಗಿರುವಾಗ ವಿಜಯಪುರಕ್ಕೂ ಮಂಗಳೂರಿಗೂ ಒಂದೇ ಗೋದಾಮಿನಿಂದ ಒಂದೇ ಅಳತೆಯ ಕಪಾಟು ಕಳಿಸಿ, ಎರಡೂ ಕಡೆ ಅದು ಸುಮ್ಮನಿರಬೇಕೆಂದು ಬಯಸುವುದು ಹೇಗೆ?

ಆಮದು ಓಕ್‌ನಲ್ಲಿ ಇನ್ನೊಂದು ತಿರುವು ಇದೆ. ಅಮೆರಿಕದ ಮಿಲ್ಲುಗಳು ಹಲಗೆಯನ್ನು ಗೂಡಿನಲ್ಲಿ ಸಾಮಾನ್ಯವಾಗಿ ಶೇ 6ರಿಂದ 8ರ ತೇವಕ್ಕೆ ಇಳಿಸುತ್ತವೆ, ಚಳಿಗಾಲದಲ್ಲಿ ಹೀಟರ್ ಉರಿಯುವ ಅಲ್ಲಿನ ಮನೆಗಳಿಗೆ ಅದು ಸರಿ. ಆ ಹಲಗೆಯಿಂದ ಮಾಡಿದ ಕಪಾಟು ಕರಾವಳಿಗೆ ಬಂದರೆ ಒಣಗಿ ಸೀಳುವುದಕ್ಕಿಂತ ಮೊದಲು ಊದಿಕೊಳ್ಳುತ್ತದೆ. ಜೂನ್ ಕಳೆಯುವಷ್ಟರಲ್ಲಿ ಡ್ರಾಯರ್ ಎಳೆದರೆ ಬರುವುದಿಲ್ಲ, ಬಾಗಿಲು ಹಾಕಿದರೆ ಕೂರುವುದಿಲ್ಲ. ಕರೆಸಿದ ಬಡಗಿ ಕೀಸುಳಿ ಹಿಡಿದು ಅಂಚನ್ನು ಸವರಿ ಹೋಗುತ್ತಾನೆ. ಬೇಸಿಗೆಗೆ ಬೆರಳು ತೂರುವಷ್ಟು ಸಂದಿ. ಮಳೆಗಾಲದಲ್ಲಿ ಹಿಡಿದ ಬಾಗಿಲನ್ನು ಮಳೆಗಾಲದಲ್ಲೇ ಹೆರೆಸಬಾರದೆಂದು ಮಲೆನಾಡಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳಿಯಾರು.

ಬಡಗಿಗಳ ಪಾಡನ್ನೂ ಹೇಳಬೇಕು. ಸಂದಿ ಬಿಟ್ಟರೆ ಗಿರಾಕಿ ‘ಫಿನಿಷಿಂಗ್ ಸರಿಯಿಲ್ಲ’ ಎನ್ನುತ್ತಾನೆ, ಬಿಡದಿದ್ದರೆ ಆರು ತಿಂಗಳಿಗೆ ‘ಮರ ಸರಿಯಿಲ್ಲ’ ಎನ್ನುತ್ತಾನೆ. ಓಕ್ ಹಲಗೆಯನ್ನು ಗಾಳಿಯಲ್ಲಿ ಒಣಗಿಸಲು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಯುರೋಪಿನ ಹಳೆಯ ಲೆಕ್ಕ. ಗೃಹಪ್ರವೇಶಕ್ಕೆ ಹದಿನೈದು ದಿನ ಇರುವಾಗ ಟಿಂಬರ್ ಡಿಪೋಗೆ ಓಡುವ ಮನೆಯವರಿಗೆ ಅದನ್ನು ಹೇಳಿ ಪ್ರಯೋಜನವಿಲ್ಲ. ಈಚೆಗೆ ಒಂದೇ ದಿಮ್ಮಿಯ ಅಗಲ ಹಲಗೆಯನ್ನು ಹಾಗೆಯೇ ಮೇಜು ಮಾಡಿ, ಬಿರುಕುಗಳಿಗೆ ಬಣ್ಣದ ರಾಳ ಸುರಿಯುವ ಹುಚ್ಚು ಬೇರೆ ಹತ್ತಿದೆ. ಮೂರಡಿ ಅಗಲದ ಒಂದೇ ಹಲಗೆಯನ್ನು ಕಬ್ಬಿಣದ ಕಾಲಿಗೆ ಅಲ್ಲಾಡದಂತೆ ಬಿಗಿದರೆ ಅದು ಎಷ್ಟು ಕಾಲ ತಡೆದೀತೆಂದು ಆ ಫೋಟೋಗಳಲ್ಲಿ ಕಾಣುವುದಿಲ್ಲ. ಅಷ್ಟು ಅಗಲ, ಒಂದೇ ಸಪಾಟು ಬೇಕೆನ್ನುವವರಿಗೆ ಪ್ಲೈವುಡ್ ಮೇಲೆ ಓಕ್ ವೆನೀರ್ ಹಾಕಿಸಿಕೊಳ್ಳುವುದೇ ಮೇಲು. ಅದರಲ್ಲಿ ಪದರಗಳು ಒಂದಕ್ಕೊಂದು ಅಡ್ಡಲಾಗಿರುವುದರಿಂದ ಹಿಗ್ಗು ತೀರ ಕಡಿಮೆ. ವೆನೀರ್ ಎಂದರೆ ಮೋಸ ಎಂದು ಮೂಗು ಮುರಿಯುವ ಅಗತ್ಯವಿಲ್ಲ. ವೆನೀರನ್ನು ಸಾಲಿಡ್ ಎಂದು ಮಾರಿದರಷ್ಟೇ ಮೋಸ.

ಮಾರುವವರಿಂದ ಕೇಳಬೇಕಾದದ್ದು ಹೆಚ್ಚೇನಿಲ್ಲ. ಮರದ ಜಾತಿ ಮತ್ತು ಬೆಲೆಯ ಪಕ್ಕದಲ್ಲಿ, ಸಾಗಿಸುವ ದಿನ ಹಲಗೆಯಲ್ಲಿದ್ದ ತೇವಾಂಶವನ್ನು ಬಿಲ್ಲಿನಲ್ಲಿ ಬರೆದುಕೊಡಲಿ. ಮೇಲ್ಹಲಗೆಯನ್ನು ಹೇಗೆ ಹಿಡಿದಿಟ್ಟಿದೆ, ಕೊಯ್ತ ಯಾವುದು ಎಂಬ ಎರಡು ಸಾಲನ್ನೂ ಸೇರಿಸಲಿ. ಎರಡು ಮುಳ್ಳಿನ ತೇವಮಾಪಕ ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ಲಕ್ಷದ ಮೇಜು ಮಾರುವ ಅಂಗಡಿಯಲ್ಲಿ ಅದಿಲ್ಲ ಎಂದರೆ ನಂಬಲಾಗದು, ಇದ್ದೂ ತೋರಿಸದಿದ್ದರೆ ಅದೇ ಒಂದು ಉತ್ತರ. ‘ಸೀಳು ಬಿಟ್ಟರೆ ವಾರಂಟಿ ಇಲ್ಲ’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುವ ಅಂಗಡಿ, ಸೀಳದಂತೆ ಮಾಡುವ ಹೊಣೆ ತನ್ನದಲ್ಲ ಎಂದು ಒಪ್ಪಿಕೊಂಡ ಹಾಗೆಯೇ ಆಯಿತು.

ತಕರಾರು ಬಂದರೆ ತಜ್ಞರಿಗಾಗಿ ದೂರ ಹೋಗಬೇಕಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲೇ ಕೇಂದ್ರ ಸರ್ಕಾರದ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದದ್ದು. ಮರದ ಜಾತಿ ಗುರುತಿಸುವುದು, ಗುಣ ಪರೀಕ್ಷಿಸುವುದು, ಮರಗೆಲಸದ ತರಬೇತಿ ಕೊಡುವುದು ಅಲ್ಲಿನ ಕೆಲಸ. ಸೀಳಿದ ಮೇಜಿನ ದೂರು ಗ್ರಾಹಕರ ಆಯೋಗದ ಮುಂದೆ ಹೋದಾಗ ‘ಮರದ ಸ್ವಭಾವ’ ಎಂಬ ವಾದವನ್ನು ಹಾಗೆಯೇ ಒಪ್ಪದೆ, ಹಲಗೆ ಎಷ್ಟು ಒಣಗಿತ್ತು, ಅಡಿಯಲ್ಲಿ ಸ್ಕ್ರೂ ಹೇಗೆ ಬಿಗಿದಿತ್ತು ಎಂದು ಇಂಥ ಸಂಸ್ಥೆಯಿಂದ ವರದಿ ತರಿಸಿದರೆ ಅರ್ಧದಷ್ಟು ವ್ಯಾಜ್ಯ ಮೊದಲ ದಿನವೇ ತೀರುತ್ತದೆ. ಕೊಳ್ಳುವವರು ಅಷ್ಟು ದೂರ ಹೋಗುವ ಮುಂಚೆ ಮಾಡಬಹುದಾದದ್ದೂ ಒಂದಿದೆ: ಮುಂಗಡ ಕೊಡುವ ಮೊದಲು ಮೇಜಿನ ಅಡಿಗೆ ಮೊಬೈಲಿನ ಟಾರ್ಚ್ ಹಿಡಿದು, ಸ್ಕ್ರೂವಿನ ತೂತು ದುಂಡಗಿದೆಯೋ ಉದ್ದಕ್ಕಿದೆಯೋ ನೋಡುವುದು.